ಐದನೆಯ ಪೀಪಿ

ಕಾರ್ಡಿನಲ್ಲಿ ಐದು ಎಂದಿತ್ತು. ಡಬ್ಬಿಯಲ್ಲಿ ನಾಲ್ಕೇ ಇದ್ದವು. ಮೂರು ಸಲ ಎಣಿಸಿದೆ. ಡಬ್ಬಿಯನ್ನು ಬೋರಲು ಹಾಕಿ ತಳ ತಟ್ಟಿದೆ. ಪಕ್ಕದ ಸೋಪಿನ ಪೆಟ್ಟಿಗೆ, ಬೇಳೆಯ ಡಬ್ಬ, ಅಕ್ಕಿಯ ಡ್ರಮ್ಮು ಎಲ್ಲವನ್ನೂ ಸರಿಸಿ ಹಿಂದೆ ಕೈ ಹಾಕಿ ನೋಡಿದೆ. ನಾಲ್ಕೇ.

ಕಾಣೆಯಾಗಿದ್ದು ಅತ್ತೆಯ ಪೀಪಿ. ಅತ್ತೆಗೆ ಮೂವತ್ತು ವರ್ಷದಿಂದ ಉಬ್ಬಸ. ಉಸಿರು ಕಟ್ಟಿದಾಗ ಬಾಯಿಗಿಟ್ಟು ಒತ್ತಿಕೊಳ್ಳುವ ಪುಟ್ಟ ಪಂಪು ಅದು. ನನ್ನ ಮಗಳು ಗುಬ್ಬಿ ಮೂರು ವರ್ಷದವಳಿದ್ದಾಗ ಅದನ್ನು ಊದಲು ಹೋಗಿ, ಶಬ್ದ ಬರದೆ ಅತ್ತು, ಪೀಪಿ ಕೆಟ್ಟಿದೆ ಎಂದು ತೀರ್ಪು ಕೊಟ್ಟಿದ್ದಳು. ಈಗ ಅವಳಿಗೆ ಹದಿಮೂರು. ಪಂಪು ಮಾತ್ರ ಪೀಪಿಯಾಗಿಯೇ ಉಳಿದಿದೆ, ನಮಗೂ, ಔಷಧಿ ಅಂಗಡಿಯವರಿಗೂ.

ಆಗ ಜ್ವರ ಇನ್ನೂ ನಮ್ಮ ಊರಿಗೆ ಬಂದಿರಲಿಲ್ಲ. ಎರಡು ಊರಿನಾಚೆಗೆ ಬಂದಿದೆ ಎಂಬ ಸುದ್ದಿ ಮಾತ್ರ ಬಂದಿತ್ತು. ಹೊಸ ಜ್ವರ, ಕೆಮ್ಮಿನಿಂದ ಹರಡುತ್ತದೆ, ಬೇಗ ಎದೆಗೆ ಇಳಿಯುತ್ತದೆ, ವಯಸ್ಸಾದವರೂ ಮೊದಲೇ ಎದೆ ದುರ್ಬಲವಾದವರೂ ಹೆಚ್ಚು ಎಚ್ಚರದಿಂದಿರಬೇಕು ಎಂದು ರೇಡಿಯೊದಲ್ಲಿ ಹೇಳಿದಾಗ ನಾನು ನನಗೆ ತಿಳಿಯದೆಯೇ ಅತ್ತೆಯ ಕಡೆ ತಿರುಗಿದ್ದೆ. ಅವರು ಬಟಾಣಿ ಸುಲಿಯುತ್ತಿದ್ದರು.

"ನನ್ನನ್ನ ಯಾಕಮ್ಮ ನೋಡ್ತೀಯ? ನಾನೇನು ತಂದಿಲ್ಲ," ಎಂದರು.

ಮರುದಿನದಿಂದಲೇ ನಾನು ಸಾಮಾನು ಕೂಡಿಡಲು ತೊಡಗಿದೆ. ಅದು ನನ್ನ ಕಸುಬು. ಬಸ್ ಡಿಪೋದ ಉಗ್ರಾಣದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಬ್ರೇಕಿನ ಪಟ್ಟಿ, ಫ್ಯಾನ್ ಬೆಲ್ಟು, ದೀಪದ ಬಲ್ಬು, ಗಾಜು ಒರೆಸುವ ಕಡ್ಡಿಯ ರಬ್ಬರು, ಯಾವುದೇ ಇರಲಿ, ಪ್ರತಿಯೊಂದಕ್ಕೂ ಒಂದು ಕಾರ್ಡು. ಎಷ್ಟು ಬಂತು, ಎಷ್ಟು ಹೋಯಿತು, ಉಳಿದದ್ದೆಷ್ಟು, ಇಟ್ಟ ಸ್ಥಳ ಯಾವುದು. ಉಳಿದದ್ದು ಇಷ್ಟಕ್ಕಿಂತ ಕಡಿಮೆಯಾದರೆ ತರಿಸು ಎಂದು ಕೆಂಪು ಗೆರೆ. ಚೀಟಿ ಬರೆದುಕೊಡದೆ ಒಂದು ನಟ್ಟೂ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ಆ ಚೀಟಿಗೆ ನಮ್ಮಲ್ಲಿ ಇಂಡೆಂಟು ಎನ್ನುತ್ತಾರೆ. ಹದಿನೆಂಟು ವರ್ಷದ ವಾರ್ಷಿಕ ಎಣಿಕೆಯಲ್ಲಿ ನನ್ನ ಕಪಾಟುಗಳಲ್ಲಿ ಒಂದು ವಾಷರ್ ಕೂಡ ಕಡಿಮೆ ಬಂದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಕಡಿಮೆ ಬರಬಹುದು ಎಂಬ ಹೆದರಿಕೆಗೆ ನಾನು ಎಣಿಸುವುದೇ ಹೆಚ್ಚು.

ಮನೆಯಲ್ಲೂ ಅದೇ ಪದ್ಧತಿ ತಂದೆ. ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ, ಉಪ್ಪು, ಸೋಪು, ಜ್ವರದ ಮಾತ್ರೆ, ನೀರಿಗೆ ಬೆರೆಸಿ ಕುಡಿಯುವ ಉಪ್ಪು ಸಕ್ಕರೆಯ ಪುಡಿ, ಟಾರ್ಚಿನ ಸೆಲ್ಲು, ಬ್ಲೀಚಿಂಗ್ ಪುಡಿ. ಎಲ್ಲವೂ ಒಂದೂವರೆ ತಿಂಗಳಿಗಾಗುವಷ್ಟು. ಅಡುಗೆಮನೆಗೆ ಭಾನುವಾರಕ್ಕೊಮ್ಮೆ ವಾರದ ಸಾಮಾನು ಅಳೆದು ಕೊಡುತ್ತಿದ್ದೆ. ಮಿಕ್ಕದ್ದಕ್ಕೆ ಬೀಗ, ಬೀಗದ ಕೈ ನನ್ನ ಬಳಿ.

ನನ್ನ ಗಂಡ ದರ್ಜಿ. ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿ, ಕತ್ತಿನಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಅಡುಗೆಮನೆಗೆ ಬಂದು ಅವರು ನನ್ನ ಕಾರ್ಡುಗಳನ್ನು ನೋಡಿದರು.

"ಸ್ಟೋರ್ ಮೇಡಂ, ಚಿಟಿಕೆ ಉಪ್ಪು ಬೇಕಿತ್ತು. ಇಂಡೆಂಟು ಎಷ್ಟು ಪ್ರತಿ ಕೊಡ್ಬೇಕು?"

"ನಗಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಕೂತ್ಕೊಂಡ್ರೆ ಆಗ ಗೊತ್ತಾಗುತ್ತೆ."

"ಬೆಂಕಿ ಇರ್ಲಿ, ಇನ್ನೂ ಬೀಡಿ ಹಚ್ಚಿದ ವಾಸನೆನೂ ಬಂದಿಲ್ಲ," ಎಂದು ಅತ್ತೆ ಮಗನ ಪಕ್ಷ ವಹಿಸಿದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇವಳು ಕುಲಾವಿ ಹೊಲಿದು, ಅದಕ್ಕೊಂದು ಕಾರ್ಡೂ ಬರೆದಿಟ್ಟಿದಾಳೆ."

ಪೀಪಿಗಳ ಮಟ್ಟಿಗೆ ನಾನು ಯಾರ ಮಾತನ್ನೂ ಕೇಳುವವಳಾಗಿರಲಿಲ್ಲ. ಔಷಧಿ ಅಂಗಡಿಯವರು ಒಂದು ಮನೆಗೆ ತಿಂಗಳಿಗೆ ಎರಡೇ ಎಂದರು. ಮೂರು ತಿಂಗಳು ಬೆನ್ನು ಹತ್ತಿ ಐದು ಕೂಡಿಸಿದೆ. ಅತ್ತೆ ಬಳಸುತ್ತಿದ್ದುದು ಬೇರೆ. ಜ್ವರ ಬಂದು ಊರು ಮುಚ್ಚಿದರೂ ಇವರ ಉಸಿರಿಗೆ ಕೊರತೆಯಾಗಬಾರದು, ಅಷ್ಟೇ. ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿ ತುಂಬ ಜ್ವರದವರೇ ಇರುತ್ತಾರೆ. ಆ ಎದೆಗೆ ಆ ಜ್ವರ ತಗುಲಿದರೆ ಅತ್ತೆ ವಾಪಸು ಬರುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ನನ್ನ ಸಾಮಾನಿನ ಪಟ್ಟಿ ಎಷ್ಟೇ ಉದ್ದವಿರಲಿ, ಅದರ ತಳದಲ್ಲಿ ಇದ್ದದ್ದು ಇದೊಂದೇ ಲೆಕ್ಕ.

ಅದಕ್ಕೇ ಐದರಲ್ಲಿ ಒಂದು ಇಲ್ಲವಾದಾಗ ಮನೆಯನ್ನು ತಲೆಕೆಳಗು ಮಾಡಿದೆ. ಗುಬ್ಬಿಯ ಶಾಲೆಯ ಚೀಲ ಕೊಡವಿದೆ. ಗಂಡನ ಗುಂಡಿಗಳ ಡಬ್ಬಿಗಳನ್ನೆಲ್ಲ ತೆಗೆಸಿದೆ.

"ಪೀಪಿ ತಗೊಂಡು ನಾನೇನು ಕಾಲರ್‌ಗೆ ಹೊಲೀತೀನಾ?" ಎಂದರು ಅವರು.

"ಅಂಗಡಿಯವರೇ ನಾಲ್ಕು ಕೊಟ್ಟು ಐದು ಬರೆದಿರಬಹುದು," ಎಂದು ನಾನು ಅಲ್ಲಿಗೂ ಹೋಗಿ ಕೇಳಿ ಬಂದೆ. ಅವರು ಬೇಸರ ಮಾಡಿಕೊಂಡರು. ಇಪ್ಪತ್ತು ವರ್ಷದ ಪರಿಚಯ.

ಈ ಗಲಾಟೆಯಲ್ಲೆಲ್ಲ ಅತ್ತೆ ನಡುಮನೆಯ ತಮ್ಮ ಮಂಚದ ಮೇಲೆ ಕೂತು ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಒಮ್ಮೆ ಮಾತ್ರ, ದಾರ ಹಲ್ಲಿನಿಂದ ಕಡಿಯುತ್ತ, "ಹೋಗ್ಲಿ ಬಿಡೇ. ಎಲ್ಲಿ ಹೋಗುತ್ತೆ, ಮನೇಲೇ ಇರುತ್ತೆ," ಎಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಅಂದಿನಿಂದ ಪ್ರತಿ ಬುಧವಾರ ಮಧ್ಯಾಹ್ನ ನಾನು ಆ ಡಬ್ಬಿಯನ್ನು ತೆರೆದು ಎಣಿಸುವುದು ರೂಢಿಯಾಯಿತು. ಐದನೆಯದು ತಾನಾಗಿ ಬಂದು ಕೂತಿರಬಹುದು ಎಂಬಂತೆ.

ಜ್ವರ ನಮ್ಮ ಊರಿಗೂ ಬಂತು. ಶಾಲೆ ಮುಚ್ಚಿತು. ಗಂಡನ ಅಂಗಡಿಗೆ ಬರುವವರು ನಿಂತರು. ಅವರು ಉಳಿದ ಅಸ್ತರಿನ ಬಟ್ಟೆಯಲ್ಲಿ ಮಾಸ್ಕು ಹೊಲಿಯತೊಡಗಿದರು. ಬಸ್ಸುಗಳು ಆಸ್ಪತ್ರೆಯ ಸಿಬ್ಬಂದಿಗಾಗಿ ಓಡಲೇಬೇಕಿದ್ದುದರಿಂದ ನಾನು ವಾರಕ್ಕೆ ನಾಲ್ಕು ದಿನ ಡಿಪೋಕ್ಕೆ ಹೋಗುತ್ತಿದ್ದೆ. ಮನೆಗೆ ಬಂದವಳು ಹಿಂಬಾಗಿಲಿನಿಂದ ಒಳಗೆ ಬಂದು, ಬಚ್ಚಲಲ್ಲಿ ಬಟ್ಟೆ ನೆನೆಹಾಕಿ, ಸ್ನಾನ ಮಾಡಿಯೇ ಮಿಕ್ಕವರಿಗೆ ಮುಖ ತೋರಿಸುತ್ತಿದ್ದೆ. ಅತ್ತೆಯ ಬಳಿಗೆ ಎರಡು ಮೀಟರಿಗಿಂತ ಹತ್ತಿರ ಹೋಗುತ್ತಿರಲಿಲ್ಲ. ನಡುಮನೆಯ ನೆಲದ ಮೇಲೆ ಗಂಡ ಅಳತೆಪಟ್ಟಿ ಹಿಡಿದು, ಬಟ್ಟೆಗೆ ಗುರುತು ಹಾಕುವ ಬಳಪದಿಂದ ಗೆರೆ ಎಳೆದುಕೊಟ್ಟಿದ್ದರು. ಗುಬ್ಬಿಯೂ ಅಜ್ಜಿಯೂ ಗೆರೆಯ ಆಚೆ. ನಾನು ಈಚೆ.

"ಇಷ್ಟು ವರ್ಷಕ್ಕೆ ಸೊಸೆನ ಗೆರೆ ಎಳೆದು ಆಚೆ ನಿಲ್ಸೋ ಯೋಗ ಬಂತು ನೋಡು," ಎಂದು ಅತ್ತೆ ಗುಬ್ಬಿಗೆ ಹೇಳುತ್ತಿದ್ದರು, ನನಗೆ ಕೇಳುವಂತೆ.

ಒಂದು ಸೋಮವಾರ ಡಿಪೋದ ಟೈರ್ ಕೆಲಸದವರು ನನ್ನ ಕಿಟಕಿಯ ಜಾಲರಿಗೆ ಒರಗಿ ನಿಂತು ಚೀಟಿ ಬರೆದರು. ಬರೆಯುತ್ತ ಎರಡು ಸಲ ಕೆಮ್ಮಿದರು. "ಧೂಳು ಮೇಡಂ," ಎಂದರು. ಬುಧವಾರ ಅವರು ಕೆಲಸಕ್ಕೆ ಬರಲಿಲ್ಲ. ಅಂದು ಅರ್ಧ ದಿನದ ಕೆಲಸ. ಮನೆಗೆ ಬಂದು ರೂಢಿಯಂತೆ ಪೀಪಿಯ ಡಬ್ಬಿ ತೆರೆದೆ. ನಾಲ್ಕು. ಯಾಕೋ ಅಂದು ಬರೀ ಎಣಿಕೆಗೆ ಸಮಾಧಾನವಾಗಲಿಲ್ಲ. ಒಂದೊಂದನ್ನೂ ಪೆಟ್ಟಿಗೆಯಿಂದ ತೆಗೆದು, ಅವಧಿಯ ದಿನಾಂಕ ನೋಡಿ, ಮುಚ್ಚಳ ಬಿಚ್ಚಿ, ಮೂತಿಯಲ್ಲಿ ಧೂಳಿದ್ದರೆ ಹೋಗಲಿ ಎಂದು ಫೂ ಎಂದು ಊದಿ, ಮತ್ತೆ ಮುಚ್ಚಿಟ್ಟೆ. ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಧೂಳು ಎಂದುಕೊಂಡೆ, ನಾನೂ.

ಗುರುವಾರ ಬೆಳಿಗ್ಗೆ ನನಗೆ ನೂರೊಂದು ಡಿಗ್ರಿ ಜ್ವರವಿತ್ತು.

ನಾನು ಗಾಬರಿಯಾಗಲಿಲ್ಲ. ಇದಕ್ಕೆಂದೇ ತಿಂಗಳುಗಟ್ಟಲೆ ಸಿದ್ಧವಾಗಿದ್ದೆವಲ್ಲ. ಆರೋಗ್ಯ ಇಲಾಖೆಯವರು ಹಂಚಿದ ಕರಪತ್ರದಲ್ಲಿ ಹೇಳಿದಂತೆ ಒಂದು ಕೋಣೆಯನ್ನು ಕಾಯಿಲೆಯವರಿಗಾಗಿ ಮೊದಲೇ ಗೊತ್ತುಮಾಡಿದ್ದೆ. ಬಾಗಿಲು ಬಿಗಿಯಾಗಿ ಮುಚ್ಚಬೇಕು, ಹೊರಕ್ಕೆ ತೆರೆಯುವ ಕಿಟಕಿ ಇರಬೇಕು, ಬಚ್ಚಲು ಹತ್ತಿರವಿರಬೇಕು. ನಮ್ಮ ಮನೆಯಲ್ಲಿ ಅಂಥದ್ದು ಹಿಂದಿನ ಚಿಕ್ಕ ಕೋಣೆ ಒಂದೇ. ಮುಂದಿನ ಕೋಣೆಯಲ್ಲಿ ಮಲಗಿದ್ದ ಗಂಡನನ್ನು ಕೂಗಿ ಎಬ್ಬಿಸಿ, ಯಾರೂ ಹತ್ತಿರ ಬರಬೇಡಿ ಎಂದು ಹೇಳಿ, ಮೂಗು ಬಾಯಿ ಕಟ್ಟಿಕೊಂಡು ನೆಟ್ಟಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಮಡಚುವ ಮಂಚವನ್ನು ಬಿಡಿಸಿ ಕೂತೆ. ಕೂತು, ತಲೆ ಎತ್ತಿದೆ.

ಎದುರಿಗೆ ಅಕ್ಕಿಯ ಡ್ರಮ್ಮು. ಅದರ ಪಕ್ಕ ಬೇಳೆ, ಹಿಟ್ಟು, ಎಣ್ಣೆ. ಗೋಡೆಯ ಉದ್ದಕ್ಕೂ ನಾನೇ ಹೊಡೆಸಿದ ಹಲಗೆಗಳ ಮೇಲೆ ಸೋಪು, ಮಾತ್ರೆ, ಸೆಲ್ಲು. ನಡುವಿನ ಹಲಗೆಯಲ್ಲಿ ಪೀಪಿಗಳ ಡಬ್ಬಿ.

ನಮ್ಮ ಮನೆಯಲ್ಲಿ ತಂಪಾಗಿದ್ದು, ಇಲಿ ಬಾರದೆ, ಬಿಗಿಯಾಗಿ ಮುಚ್ಚುವ ಕೋಣೆಯೂ ಅದೊಂದೇ.

ಎರಡು ಪಟ್ಟಿಗಳನ್ನು ಎರಡು ಬೇರೆ ದಿನ, ಎರಡು ಬೇರೆ ಹಾಳೆಗಳಲ್ಲಿ ಮಾಡಿದ್ದೆ. ಒಂದು, ಸಾಮಾನು ಎಲ್ಲಿಡುವುದು. ಇನ್ನೊಂದು, ಕಾಯಿಲೆಯವರನ್ನು ಎಲ್ಲಿಡುವುದು. ಎರಡೂ ತಮ್ಮ ತಮ್ಮಷ್ಟಕ್ಕೆ ಸರಿ. ಈ ಮಂಚವನ್ನು ಅಕ್ಕಿ ಡ್ರಮ್ಮಿನ ಹಿಂದೆ ತಂದು ನಿಲ್ಲಿಸಿದವಳೂ ನಾನೇ. ನಿಲ್ಲಿಸುವಾಗಲೂ ಹೊಳೆಯಲಿಲ್ಲ, ನನ್ನ ಕಣ್ಣಿಗೆ ಅದೂ ಒಂದು ಸಾಮಾನು, ಅದಕ್ಕೂ ಒಂದು ಕಾರ್ಡು ಬರೆದು ಮುಗಿಸಿದ್ದೆ.

"ರೀ," ಎಂದು ಬಾಗಿಲಿನ ಒಳಗಿನಿಂದ ಕರೆದೆ.

"ಇಲ್ಲೇ ಇದೀನಿ. ಗೆರೆ ಹಾಕ್ಕೊಂಡು ನಿಂತಿದೀನಿ. ಅಮ್ಮನಿಗೆ ಜ್ವರ ಬಂದ್ರೆ, ಗುಬ್ಬಿಗೆ ಬಂದ್ರೆ, ನನಗೆ ಬಂದ್ರೆ, ಏನೇನು ಮಾಡ್ಬೇಕು ಅಂತ ಮೂರು ಕಾರ್ಡ್ ಸಿಕ್ತು. ನಿನ್ನದು ಸಿಕ್ತಾ ಇಲ್ಲ."

"ನನ್ನದು ಬರೆದಿಲ್ಲ."

ಆಚೆ ಕಾರ್ಡುಗಳನ್ನು ಜೋಡಿಸಿದ ಸದ್ದಾಯಿತು.

"ರೀ, ಸಾಮಾನೆಲ್ಲ ಇಲ್ಲೇ ಇದೆ."

"ಹೌದು."

"ನಿಮಗೆ ಗೊತ್ತಿತ್ತಾ? ಎರಡೂ ಒಂದೇ ಕೋಣೆ ಅಂತ?"

"ಕಣ್ಣಿಗೆ ಬಿದ್ದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿನ್ನ ತಲೇಲಿ ಏನೋ ಇರುತ್ತೆ ಅಂದ್ಕೊಂಡೆ ಕಣೇ. ಸೋಪನ್ನ ಬಚ್ಚಲಲ್ಲೇ ಇಡೋಣ ಅಂದಿದ್ದಕ್ಕೆ ಅರ್ಧ ಗಂಟೆ ಪಾಠ ಮಾಡಿದ್ದೆ. ಅದಾದ್ಮೇಲೆ ನಾನು ಬಾಯಿಗೆ ಝಿಪ್ ಹೊಲ್ಕೊಂಡೆ."

ನಡುಮನೆಯಿಂದ ಅತ್ತೆಯ ದನಿ ಬಂತು. "ದೀಪದ ಬುಡದಲ್ಲೇ ಕತ್ತಲೆ."

ಅಕ್ಕಿ ಬೇಳೆಯ ಚಿಂತೆ ನನಗಿರಲಿಲ್ಲ. ಭಾನುವಾರದವರೆಗೆ ಅಡುಗೆಮನೆಯಲ್ಲಿ ಇತ್ತು. ನಾನು ನೋಡುತ್ತಿದ್ದದ್ದು ನಡುವಿನ ಹಲಗೆಯನ್ನು. ನಾಲ್ಕಕ್ಕೆ ನಾಲ್ಕನ್ನೂ ಹಿಂದಿನ ದಿನ ನನ್ನ ಬಾಯಿಂದಲೇ ಊದಿದ್ದೆ. ಜ್ವರ ತರದ ಹಾಗೆ ಆರು ತಿಂಗಳು ಕಾದು, ಕೊನೆಗೆ ಅದನ್ನು ಅತ್ತೆಯ ಬಾಯಿಗೆ ಇಡುವ ವಸ್ತುವಿನೊಳಕ್ಕೇ ಊದಿ ಮುಚ್ಚಳ ಹಾಕಿದ್ದೆ.

"ಗುಬ್ಬಿ, ಅಜ್ಜಿ ಪೀಪಿಯ ಬೆನ್ನಲ್ಲಿ ಎಷ್ಟಿದೆ ನೋಡು."

ಇನ್ನು ಎಷ್ಟು ಸಲ ಒತ್ತಬಹುದು ಎಂದು ತೋರಿಸುವ ಪುಟ್ಟ ಕಿಂಡಿ ಅದರ ಬೆನ್ನಲ್ಲಿರುತ್ತದೆ. ಹೊಸದರಲ್ಲಿ ಇನ್ನೂರು.

"ಹದಿನಾಲ್ಕು, ಅಮ್ಮ."

ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದೆ. ಅಲ್ಲಿಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡರು. ನನ್ನ ಜ್ವರಕ್ಕೆ ಮಾತ್ರೆ, ನೀರು, ವಿಶ್ರಾಂತಿ, ಹತ್ತು ದಿನ ಕೋಣೆ ಬಿಡುವ ಹಾಗಿಲ್ಲ, ಉಸಿರಾಟ ಕಷ್ಟವಾದರೆ ತಕ್ಷಣ ತಿಳಿಸಬೇಕು ಎಂದರು. ಪೀಪಿಯ ವಿಷಯ ಹೇಳಿದಾಗ ಅವರಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. "ಲೋಹದ ಡಬ್ಬಿ ಹೊರಗೆ ತೆಗೆದಿಟ್ಟು, ಪ್ಲಾಸ್ಟಿಕ್ಕನ್ನ ಸೋಪಿನ ನೀರಲ್ಲಿ ತೊಳೆದು, ಒಂದು ದಿನ ಚೆನ್ನಾಗಿ ಒಣಗಿಸಿ ಕೊಡಿ. ಒದ್ದೆ ಇದ್ರೂ, ಒಂದರ ಡಬ್ಬಿ ಇನ್ನೊಂದಕ್ಕೆ ಹಾಕಿದ್ರೂ ಔಷಧಿ ಸರಿಯಾಗಿ ಬರಲ್ಲ. ತೊಳೆಯೋರು ನೀವಲ್ಲ ತಾನೆ?"

ಡಬ್ಬಿಯನ್ನು ಚೀಲದಲ್ಲಿ ಕಟ್ಟಿ ಹಿತ್ತಲ ಕಿಟಕಿಯಿಂದ ಇಳಿಬಿಟ್ಟೆ. ಗಂಡ ಕೈಗವಸು ಹಾಕಿ ತೊಳೆದು, ನಾಲ್ಕು ಪ್ಲಾಸ್ಟಿಕ್ಕನ್ನೂ ಬಟ್ಟೆ ಒಣಹಾಕುವ ತಂತಿಗೆ ದಾರ ಕಟ್ಟಿ ತೂಗುಹಾಕಿದರು. ಮೋಡ ಕವಿದ ದಿನ. ತಂತಿಯ ಮೇಲೆ ಅವು ಸಪ್ಪೆಮೋರೆ ಹಾಕಿಕೊಂಡು ತೊಟ್ಟಿಕ್ಕುತ್ತಿದ್ದವು. ಅವರು ಔಷಧಿ ಅಂಗಡಿಗೂ ಹೋಗಿ ಬಂದರು. ಮುಂದಿನ ವಾರದವರೆಗೆ ಒಂದೂ ಇಲ್ಲವಂತೆ. "ನಿಮ್ಮ ಮನೇಲೇ ಇದ್ದಾವಲ್ಲ, ಐದು," ಎಂದರಂತೆ ಅವರು, ಐದು ಎಂಬುದನ್ನು ಒತ್ತಿ.

ನಾಳೆಯವರೆಗೆ ಹದಿನಾಲ್ಕು. ಮಾಮೂಲಿ ದಿನಕ್ಕೆ ನಾಲ್ಕು ಸಾಕು. ನಡೆಯುತ್ತದೆ ಎಂದುಕೊಂಡೆ. ಆದರೆ ನಾನು ಬರೆದಿಟ್ಟ ಕಾರ್ಡುಗಳಲ್ಲಿ ಇನ್ನೂ ಒಂದಿತ್ತು: ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆ ದಿನವೇ ನೆಲವನ್ನೆಲ್ಲ ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸುವುದು. ಅಡುಗೆಮನೆಯ ಕಪಾಟಿನಲ್ಲಿ ಅರ್ಧ ಪೊಟ್ಟಣ ಇತ್ತು. ಹೆಂಡತಿಯ ಮಾತು ಮೀರಬಾರದೆಂದು ಗಂಡ ಮಧ್ಯಾಹ್ನ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಒರೆಸಿದರು. ಕಾರ್ಡಿನಲ್ಲಿ ಎರಡು ಚಮಚ ಎಂದಿತ್ತು. ಒಳ್ಳೆಯದಾಗಲಿ ಎಂದು ಆರು ಹಾಕಿದರು.

ಆ ಘಾಟು ನನ್ನ ಮುಚ್ಚಿದ ಬಾಗಿಲಿನ ಸಂದಿಯಿಂದಲೂ ಒಳಗೆ ಬಂತು. ಹಿಂದೆಯೇ ನಡುಮನೆಯಿಂದ ಅತ್ತೆಯ ಎದೆಯ ಸಿಳ್ಳೆ ಕೇಳಿಸಿತು. ನನ್ನ ಮಂಚಕ್ಕೂ ಅವರ ಮಂಚಕ್ಕೂ ನಡುವೆ ಒಂದೇ ಇಟ್ಟಿಗೆಯ ಗೋಡೆ.

"ಕಿಟಕಿ ತೆಗೀರಿ. ಬಾಗಿಲು ತೆಗೀರಿ. ನೆಲಕ್ಕೆ ಬರೀ ನೀರು ಹಾಕಿ," ಎಂದು ಕೂಗಿದೆ. ಕೂಗಿದ್ದಕ್ಕೆ ನನಗೇ ಕೆಮ್ಮು ಹತ್ತಿತು. ಆಚೆ ಗಡಿಬಿಡಿ. ಬಕೆಟ್ಟು ಉರುಳಿದ ಸದ್ದು. ಗುಬ್ಬಿ "ಅಜ್ಜಿ, ನೆಟ್ಟಗೆ ಕೂತ್ಕೋ, ಮೆಲ್ಲಗೆ ಉಸಿರು ಬಿಡು," ಎನ್ನುತ್ತಿದ್ದಳು. ಹದಿಮೂರರ ಹುಡುಗಿಯ ದನಿಯಲ್ಲಿ ನಡುಕವಿರಲಿಲ್ಲ.

ಶ್ಸ್, ಎಂದಿತು ಪೀಪಿ. ಹದಿಮೂರು ಉಳಿಯಿತು.

ಶ್ಸ್. ಹನ್ನೆರಡು.

ನಾನು ಗೋಡೆಗೆ ಕಿವಿಯಿಟ್ಟು ಎಣಿಸಿದೆ. ಎಣಿಸುವುದು ಬಿಟ್ಟು ನಾನು ಮಾಡಬಹುದಾದದ್ದು ಅಲ್ಲಿ ಏನೂ ಇರಲಿಲ್ಲ. ನಾಲ್ಕು ಸಲ ಒತ್ತಿ ನಿಲ್ಲಿಸಿದರು. ಸಿಳ್ಳೆ ಸ್ವಲ್ಪ ಇಳಿಯಿತು, ಮತ್ತೆ ಏರಿತು. ಇನ್ನೊಂದು ನಾಲ್ಕು. ಆರು ಉಳಿಯಿತು. ಗಂಡ ಕಿಟಕಿಗೆ ಬಂದರು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

"ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?"

ಹೋಗಿ ಎಂದರೆ ಜ್ವರದವರ ನಡುವೆ ಕೂರಿಸಿದಂತೆ. ಬೇಡ ಎಂದರೆ ಆರು ಮುಗಿದ ಮೇಲೆ ಏನು? ತಂತಿಯ ಕಡೆ ನೋಡಿದೆ. ಪ್ಲಾಸ್ಟಿಕ್ಕಿನ ತುದಿಯಿಂದ ಒಂದು ಹನಿ ಬೀಳಲೋ ಬೇಡವೋ ಎಂದು ಜೋತಿತ್ತು.

"ಗಾಡಿಗೆ ಹೇಳಿಡಿ," ಎಂದೆ. "ಎರಡು ಉಳಿದಾಗ ಹೊರಡಿ. ದಾರಿಗೆ ಎರಡು ಬೇಕು."

ಅವರು ಗಾಡಿ ಕರೆಯಲು ಓಡಿದರು. ಶ್ಸ್. ಐದು. ನಾಲ್ಕು. ಸ್ವಲ್ಪ ಹೊತ್ತಿನ ಮೇಲೆ ಮೂರು, ಎರಡು. "ಹೊರಡಿ," ಎಂದು ಕೂಗಬೇಕು. ಕೆಮ್ಮು ಬಿಡಲಿಲ್ಲ. ಗೋಡೆಯನ್ನು ಕೈಯಿಂದ ತಟ್ಟಿದೆ. ಆಚೆಯಿಂದ ಯಾರೋ ಮಂಚ ಸರಿಸಿದಂತಾಯಿತು. ಶ್ಸ್. ಒಂದು. ಶ್ಸ್. ಮುಗಿಯಿತು.

ಶ್ಸ್.

ತಪ್ಪು ಎಣಿಸಿದೆನೆಂದುಕೊಂಡೆ. ಹದಿನೆಂಟು ವರ್ಷದಲ್ಲಿ ಎಣಿಕೆ ತಪ್ಪದವಳಿಗೆ ಜ್ವರದಲ್ಲಿ ತಪ್ಪಿದರೆ ಸೋಜಿಗವಿಲ್ಲ. ಅಷ್ಟರಲ್ಲಿ ಮತ್ತೊಂದು ಶ್ಸ್, ಗಟ್ಟಿಯಾಗಿ, ತುಂಬಿದ ಡಬ್ಬಿಯ ಸದ್ದು. ಆಮೇಲೆ ತುಸು ಬಿಡುವು. ಸಿಳ್ಳೆ ಇಳಿಯತೊಡಗಿತ್ತು.

"ಗುಬ್ಬಿ," ಎಂದೆ. "ಕಿಂಡಿಯಲ್ಲಿ ಎಷ್ಟಿದೆ?"

"ನೂರ ತೊಂಬತ್ತೆಂಟು."

"ಸರಿಯಾಗಿ ನೋಡೇ."

"ಸರಿಯಾಗೇ ನೋಡಿದೀನಿ ಅಮ್ಮ. ಒಂದು, ಒಂಬತ್ತು, ಎಂಟು." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. "ಅಜ್ಜಿ ದಿಂಬಿನ ಹೊಲಿಗೆ ಬಿಚ್ಚಿ ಒಳಗಿಂದ ತೆಗೆದ್ಳು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಿದ ದಿನ ಆ ಕೂಸನ್ನು ನನ್ನ ಕಣ್ಣೆದುರಿಗೇ ದಿಂಬಿನೊಳಗೆ ಇಟ್ಟು ಹೊಲಿಯುತ್ತಿದ್ದರು.

ಒಂದು ಗಂಟೆಯ ಮೇಲೆ ಅತ್ತೆ ತಾವೇ ನಡೆದು ಬಂದು, ನನ್ನ ಬಾಗಿಲಿನಿಂದ ಎರಡು ಮೀಟರಿನಾಚೆ ಕುರ್ಚಿ ಹಾಕಿಸಿಕೊಂಡು ಕೂತರು. ಕುರ್ಚಿ ಎಳೆದ ಸದ್ದಿನಿಂದಲೇ ತಿಳಿಯಿತು. ಉಸಿರು ಇನ್ನೂ ತುಂಡು ತುಂಡಾಗಿತ್ತು, ಮಾತು ಮಾತ್ರ ಇಡಿಯಾಗಿತ್ತು.

"ಮಲಗಿದೀಯಾ?"

"ಇಲ್ಲ ಅತ್ತೆ. ಈಗ ಹೇಗಿದೆ?"

"ಇದೀನಿ. ಬೈತೀಯಾ?"

"ಯಾಕೆ ತಗೊಂಡ್ರಿ ಅತ್ತೆ? ನಾನು ಎಲ್ಲರ ಮೇಲೂ ಅನುಮಾನ ಪಟ್ಟೆ. ಅಂಗಡಿಯವರ ಹತ್ರ ಜಗಳ ಮಾಡಿದೆ."

"ತಗೊಳ್ಳೋದೇನು ಬಂತು, ನನ್ನದೇ ಅಲ್ವಾ? ಭಾನುವಾರ ನೀನು ಅಕ್ಕಿ ಅಳೀತಿದ್ದಾಗ ತೆಗೆದೆ," ಎಂದರು. ಸ್ವಲ್ಪ ತಡೆದು, "ನೀನು ಎಲ್ಲಾನೂ ಒಯ್ದು ಅಲ್ಲಿ ಇಟ್ಟೆ. ಬೀಗ ಹಾಕ್ದೆ. ಕೀ ನಿನ್ನ ಹತ್ರ, ನೀನು ಡಿಪೋದಲ್ಲಿ. ದಮ್ಮು ಬಂದಾಗ ಚೀಟಿ ಬರ್ಕೊಂಡು ನಿನ್ನ ಕಾಯ್ಕೊಂಡು ಕೂರಕ್ಕಾಗುತ್ತೇನಮ್ಮ? ಮೂವತ್ತು ವರ್ಷದಿಂದ ದಿಂಬಿನ ಕೆಳಗೆ ಒಂದು ಇಟ್ಕೊಂಡೇ ಮಲಗಿದ್ದು. ಕೈ ಹಾಕಿದ್ರೆ ಸಿಗ್ಬೇಕು. ಸಿಗ್ದಿದ್ರೆ ನಿದ್ದೆ ಬರಲ್ಲ."

"ಹೇಳಿದ್ರೆ ಕೊಡ್ತಿದ್ದೆ."

"ಕೊಡ್ತಿದ್ದೆ. ಆಮೇಲೆ ಕಾರ್ಡು ಬರೀತಿದ್ದೆ. ದಿನಾ ಬೆಳಿಗ್ಗೆ ಬಂದು ದಿಂಬು ಎತ್ತಿ ನೋಡ್ತಿದ್ದೆ."

ಹೌದು, ನೋಡುತ್ತಿದ್ದೆ. ನೋಡಿದ್ದರೆ, ಬುಧವಾರ ಅದರ ಮೂತಿಗೂ ಊದಿರುತ್ತಿದ್ದೆ.

ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದಷ್ಟು. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಅಕ್ಕಿಯ ಡ್ರಮ್ಮಿಗೆ ಒರಗಿದೆ. ಬಾಗಿಲಾಚೆ ಅತ್ತೆ ಗಂಡನಿಗೆ ಹೇಳುತ್ತಿದ್ದರು: "ಜ್ವರ ತಲೆಗೇರಿದೆ ಅನ್ಸುತ್ತೆ ಕಣೋ, ಮಾತ್ರೆ ಕೊಡು." ಗಂಡ, "ಮಾತ್ರೆ ಅವಳ ಹತ್ರಾನೇ ಇದೆ," ಎಂದರು.

ಮರುದಿನ ಮಧ್ಯಾಹ್ನಕ್ಕೆ ತಂತಿಯ ಮೇಲಿನವು ಒಣಗಿದವು. ಆದರೆ ಆ ಒಂದು ವಾರ ನಾನು ಎಣಿಸಿದ್ದು ಪೀಪಿಯನ್ನಲ್ಲ, ಡಿಗ್ರಿಯನ್ನು. ದಿನಕ್ಕೆ ಎರಡು ಸಲ ಗುಬ್ಬಿ ಮೂವರ ಜ್ವರ ಅಳೆದು ಬಾಗಿಲಾಚೆಯಿಂದ ಓದುತ್ತಿದ್ದಳು. ಅಜ್ಜಿಯದನ್ನು ಕೊನೆಗೆ ಓದುವುದು ಅವಳ ಕುಚೋದ್ಯ. ತೊಂಬತ್ತೇಳೂವರೆ. ತೊಂಬತ್ತೆಂಟು. ತೊಂಬತ್ತೇಳು ಪಾಯಿಂಟ್ ಎಂಟು. ಒಂದು ದಿನ ತೊಂಬತ್ತೊಂಬತ್ತು ಬಂದು ನನ್ನ ಜೀವ ಹಾರಿತು. ಅತ್ತೆ ಆಗಷ್ಟೇ ಬಿಸಿ ನೀರು ಕುಡಿದಿದ್ದರು. ನನ್ನ ಜ್ವರ ನಾಲ್ಕನೆಯ ದಿನ ಇಳಿಯಿತು. ಎದೆಗೆ ಇಳಿಯಲಿಲ್ಲ.

ಭಾನುವಾರ ಗಂಡ ಹಿತ್ತಲ ಕಿಟಕಿಗೆ ಬಂದರು. ಅಸ್ತರಿನ ತುಂಡು ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದನ್ನು ಎತ್ತಿ ಹಿಡಿದರು. ಅಕ್ಕಿ ಇಷ್ಟು, ಬೇಳೆ ಇಷ್ಟು, ಸೋಪು ಎರಡು, ಕೆಳಗೆ ಸಹಿ.

"ಇದರಲ್ಲಿ ದಿನಾಂಕ ಇಲ್ಲ," ಎಂದೆ.

"ಕೊಡಲ್ವಾ ಹಾಗಾದ್ರೆ?"

"ಈ ಸಲ ಕೊಡ್ತೀನಿ."

ಮುಚ್ಚಿದ ಡಬ್ಬಿಗಳನ್ನೇ ಚೀಲದಲ್ಲಿ ಇಳಿಸಿದೆ. ಅವರು ಸೋಪಿನ ನೀರಿನಿಂದ ಒರೆಸಿ ಹಿತ್ತಲ ಕಲ್ಲಿನ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟರು. ಊಟ ನಾನು ಮಾಡುವುದಕ್ಕಿಂತ ಉಪ್ಪಾಗಿರುತ್ತಿತ್ತು. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದೆ. ಗೋಡೆಯಾಚೆ ಮೂವರೂ ನನ್ನ ಕಾರ್ಡುಗಳಲ್ಲಿ ಇಲ್ಲದ ಎಷ್ಟೋ ಕೆಲಸ ಮಾಡುತ್ತಿದ್ದರು. ಮನೆ ಬಿದ್ದುಹೋಗಲಿಲ್ಲ. ಬಹಳ ಹೊತ್ತು ನಿದ್ದೆ ಮಾಡಿದೆ. ಅಷ್ಟು ನಿದ್ದೆ ಎಷ್ಟೋ ವರ್ಷಗಳಿಂದ ಮಾಡಿರಲಿಲ್ಲ.

ಹನ್ನೊಂದನೆಯ ದಿನ ಆರೋಗ್ಯ ಕೇಂದ್ರದವರು ಇನ್ನು ಹೊರಗೆ ಬರಬಹುದು ಎಂದರು. ಗೆರೆಯ ಆಚೆಯವರಲ್ಲಿ ಯಾರೂ ಕೆಮ್ಮಿರಲಿಲ್ಲ. ಚಿಲಕ ತೆಗೆದೆ. ನಡುಮನೆಯ ನೆಲದ ಬಳಪದ ಗೆರೆ ಅರ್ಧ ಅಳಿಸಿಹೋಗಿತ್ತು, ನಾನು ಅದರ ಈಚೆಗೆ ಅಭ್ಯಾಸಬಲದಿಂದ ನಿಂತೆ. ಅತ್ತೆ ಮಂಚದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಳಿದುಹೋಗಿದೀಯ," ಎಂದರು. "ಉಗ್ರಾಣದಲ್ಲೇ ಹತ್ತು ದಿನ ಇದ್ದು ಇಳಿದುಹೋದೋಳನ್ನ ನಾನು ಕಂಡಿಲ್ಲ. ಬಾ, ಕೂತ್ಕೋ." ಮಂಚದ ಮೇಲೆ ತಮ್ಮ ಪಕ್ಕವನ್ನು ಕೈಯಿಂದ ತಟ್ಟಿದರು. ಗುಬ್ಬಿ ಓಡಿ ಬಂದು ಕಾಲಿನಿಂದ ಗೆರೆಯನ್ನು ಉಜ್ಜಿ ಅಳಿಸಿದಳು.

ಆ ವಾರ ಸಾಮಾನನ್ನು ಮೂರು ಕಡೆ ಹಂಚಿಟ್ಟೆವು, ಹಿಂದಿನ ಕೋಣೆಯಲ್ಲಿ ಮಂಚ ಮಾತ್ರ. ಬೀಗದ ಕೈ ಅಡುಗೆಮನೆಯ ಮೊಳೆಗೆ. ಎಲ್ಲಿ ಏನು ಎಂದು ಗಂಡನೂ ಗುಬ್ಬಿಯೂ ಹೇಳುತ್ತ ಹೋದರು, ನಾನು ಬರೆದೆ. ಎರಡು ಕಡೆ ಅವರ ಮಾತು ನನಗೆ ಸರಿಕಾಣಲಿಲ್ಲ, ಆದರೂ ಬರೆದೆ. ಔಷಧಿ ಅಂಗಡಿಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವರು, "ಸಿಕ್ತಲ್ಲ, ಬಿಡಿ," ಎಂದರು.

ಕೊನೆಗೆ ಪೀಪಿಯ ಕಾರ್ಡು. ಐದು ಎಂಬ ಅಂಕಿಯನ್ನು ಹೊಡೆದುಹಾಕಿ ನಾಲ್ಕು ಮಾಡಿರಲಿಲ್ಲ, ಮನಸ್ಸು ಬಂದಿರಲಿಲ್ಲ. ಈಗ ಲೆಕ್ಕ ಸರಿಹೋಯಿತು. ನಾಲ್ಕಕ್ಕೆ ಸ್ಥಳ: ನಡುಮನೆಯ ಗೂಡು. ಐದನೆಯದಕ್ಕೆ 'ಅತ್ತೆಯ ದಿಂಬು' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ಮಂಚದ ಮೇಲೆ ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಬರಿ, ಬರಿ," ಎಂದರು. "ಬರೆದ ಮೇಲೆ ಅದು ಅಲ್ಲಿರಲ್ಲ."

ಪೆನ್ನಿಗೆ ಮುಚ್ಚಳ ಹಾಕಿದೆ. ಸ್ಥಳ ಎಂಬ ಅಂಕಣವನ್ನು ಖಾಲಿ ಬಿಟ್ಟು, ಕಾರ್ಡನ್ನು ಡಬ್ಬಿಗೆ ಹಾಕಿ, ಬಟಾಣಿ ಸುಲಿಯಲು ಅವರ ಪಕ್ಕ ಹೋಗಿ ಕೂತೆ.